ಗುಡಿಸಿದ ಧೂಳು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ಮರದ ಪೀಠೋಪಕರಣಗಳ ಬಿಡಿಭಾಗ ಮಾಡುವ ಕಾರ್ಖಾನೆ. ಒಂದು ಮೂಲೆಯಲ್ಲಿ ಅಲ್ಯೂಮಿನಿಯಂ ಹಿಡಿಕೆಗಳನ್ನು ಗ್ರೈಂಡಿಂಗ್, ಪಾಲಿಶ್ ಮಾಡುವ ಸಣ್ಣ ವಿಭಾಗವೂ ಇದೆ. ದಿನಕ್ಕೆ ಎರಡು ಶಿಫ್ಟ್. ಪ್ರತಿ ಶಿಫ್ಟ್ ಕೊನೆಗೆ 12 ಜನ ಅರ್ಧ ಗಂಟೆ ಪೊರಕೆ, ಏರ್ ಗನ್ ಹಿಡಿದು ಸ್ವಚ್ಛ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಬಂದರೆ ಮತ್ತೆ ಧೂಳು. ಇಂಡಸ್ಟ್ರಿಯಲ್ ವ್ಯಾಕ್ಯೂಮ್ ತರೋಣ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಒಂದೆರಡು ದೊಡ್ಡ ಯಂತ್ರ ಸಾಕಾ, ಇಲ್ಲ ಶೆಡ್ ತುಂಬ ಪೈಪ್ ಹಾಕಿಸುವ ಸೆಂಟ್ರಲ್ ಸಿಸ್ಟಮ್ ಬೇಕಾ? ಈಗಿರುವ ಡಸ್ಟ್ ಕಲೆಕ್ಟರ್‌ಗೇ ಒಂದು ಹೋಸ್ ಸಿಕ್ಕಿಸಿದರೆ ಆಗಲ್ವಾ? ಅಷ್ಟು ಖರ್ಚು ನಿಜಕ್ಕೂ ಬೇಕಾ?

ಉತ್ತರ: 'ಮರುದಿನ ಬೆಳಿಗ್ಗೆ ಬಂದರೆ ಮತ್ತೆ ಧೂಳು' ಎಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಬೆಳಿಗ್ಗೆ ಮೆಷಿನ್ ಆನ್ ಆಗುವ ಮೊದಲೇ ಕಾಣುವ ಆ ಧೂಳು ಹೊಸದಲ್ಲ. ಹಿಂದಿನ ರಾತ್ರಿ ನಿಮ್ಮವರೇ ಎಬ್ಬಿಸಿದ್ದು.

ಪೊರಕೆ ದಪ್ಪ ಹೊಟ್ಟನ್ನು ಗುಡ್ಡೆ ಮಾಡುತ್ತದೆ, ನುಣ್ಣನೆಯದನ್ನು ಗಾಳಿಗೆ ಬಿಡುತ್ತದೆ. ಏರ್ ಗನ್ ಎಲ್ಲವನ್ನೂ ಗಾಳಿಗೆ ಬಿಡುತ್ತದೆ. ಗಾಳಿ ಆಡದ ಜಾಗದಲ್ಲಿ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಗಾತ್ರದ ಕಣ ಸೆಕೆಂಡಿಗೆ ಸುಮಾರು 3 ಮಿ.ಮೀ. ಇಳಿಯುತ್ತದೆ. 5 ಮೀಟರ್ ಎತ್ತರದಿಂದ ನೆಲಕ್ಕೆ ಬರಲು ಅದಕ್ಕೆ ಅರ್ಧ ಗಂಟೆ ಬೇಕು. 5 ಮೈಕ್ರಾನ್ ಕಣಕ್ಕೆ ಎರಡು ಗಂಟೆ. 1 ಮೈಕ್ರಾನ್ ಕಣಕ್ಕೆ ಒಂದೂವರೆ ದಿನಕ್ಕಿಂತ ಜಾಸ್ತಿ. ಸ್ವಚ್ಛ ಮಾಡಿದವರು ಕೈಕಾಲು ತೊಳೆದು ಮನೆಗೆ ಹೋದ ಮೇಲೆ ಧೂಳು ಆರಾಮವಾಗಿ ಇಳಿಯುತ್ತದೆ. ನೆಲಕ್ಕೆ ಮಾತ್ರ ಅಲ್ಲ, ತೊಲೆಗಳ ಮೇಲೆ, ಕೇಬಲ್ ಟ್ರೇ ಒಳಗೆ, ಟ್ಯೂಬ್‌ಲೈಟ್ ಪಟ್ಟಿಯ ಮೇಲೆ, ಮೋಟಾರಿನ ರೆಕ್ಕೆಗಳ ನಡುವೆ. ಒಂದಷ್ಟು ಗುಡಿಸುವವರ ಶ್ವಾಸಕೋಶಕ್ಕೂ ಹೋಗುತ್ತದೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ವರ್ಗೀಕರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್ ಇದರಲ್ಲಿ ಮುಖ್ಯ. ಹಾಗಾಗಿ 'ಖರ್ಚು ಬೇಕಾ' ಅನ್ನುವ ಪ್ರಶ್ನೆಯನ್ನು ನಾನು ಲೆಕ್ಕಪತ್ರದಿಂದ ಶುರು ಮಾಡುವುದಿಲ್ಲ. ಪೊರಕೆ ಹಿಡಿದ ಆ 12 ಜನರಿಂದ ಶುರು ಮಾಡುತ್ತೇನೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ಅದೇ ನನಗೆ ಆತಂಕ. ನುಣ್ಣನೆಯ ಮರದ ಧೂಳು ಗಾಳಿಯಲ್ಲಿ ಸೇರಿದರೆ ಸ್ಫೋಟಿಸುತ್ತದೆ. ಅಲ್ಯೂಮಿನಿಯಂ ಧೂಳು ಇನ್ನೂ ಜೋರಾಗಿ ಸ್ಫೋಟಿಸುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ದಪ್ಪ ಧೂಳು ಕೂತಿದೆ ಅಂದುಕೊಳ್ಳಿ. ಅಂದರೆ ಸರಿಯಾಗಿ 1 ಲೀಟರ್ ಧೂಳು. ಸಡಿಲವಾದ ಮರದ ಧೂಳು ಲೀಟರಿಗೆ 200 ಗ್ರಾಂ ಆಸುಪಾಸು ತೂಗುತ್ತದೆ. ಶೆಡ್ ಎತ್ತರ 4 ಮೀಟರ್ ಇದ್ದು ಅದಷ್ಟೂ ಗಾಳಿಗೆ ಎದ್ದರೆ, ಪ್ರತಿ ಘನ ಮೀಟರಿಗೆ 50 ಗ್ರಾಂ. ನುಣ್ಣನೆಯ ಮರದ ಧೂಳು ಸ್ಫೋಟಿಸಲು ಸಾಮಾನ್ಯವಾಗಿ ಬೇಕಾಗುವುದು 40ರಿಂದ 60 ಗ್ರಾಂ. ಉಗುರಿನಷ್ಟು ದಪ್ಪದ ಪದರ ಸಾಕು! ಅದೂ ಶೆಡ್ ಪೂರ್ತಿ ಹರಡಿದರೆ ಈ ಲೆಕ್ಕ. ಒಂದೇ ಮೂಲೆಯಲ್ಲಿ ಎದ್ದರೆ ಇನ್ನೂ ಕಡಿಮೆ ಸಾಕು.

ಎಲ್ಲಿಂದ ಏಳುತ್ತದೆ ಅಂತ ಕೇಳಬಹುದು. ದೊಡ್ಡ ಅನಾಹುತಗಳಲ್ಲಿ ಮತ್ತೆ ಮತ್ತೆ ಕಂಡದ್ದು ಹೀಗೆ: ಮೊದಲು ಯಾವುದೋ ಯಂತ್ರದ ಒಳಗೆ ಒಂದು ಸಣ್ಣ ಸ್ಫೋಟ. ಆ ಅಲೆ ಕಟ್ಟಡವನ್ನು ಅಲುಗಾಡಿಸುತ್ತದೆ. ತೊಲೆಗಳ ಮೇಲೆ ತಿಂಗಳುಗಟ್ಟಲೆ ಕೂತ ಧೂಳು ಒಮ್ಮೆಲೇ ಉದುರುತ್ತದೆ. ಹಿಂದೆಯೇ ಬರುವ ಬೆಂಕಿ ಅದಕ್ಕೆ ತಾಗುತ್ತದೆ. ಜನರನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೇ ಸ್ಫೋಟ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೀಗೇ ಆಗಿ 14 ಜನ ಸತ್ತರು. ಅಲ್ಲಿ ಸ್ಫೋಟಿಸಿದ್ದು ಬರೀ ಸಕ್ಕರೆ ಪುಡಿ.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು 2003ರ ಜನವರಿಯ ಕಿನ್‌ಸ್ಟನ್ ಘಟನೆ. ನಾರ್ತ್ ಕ್ಯಾರೊಲಿನಾದ ಆ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣುವ ಜಾಗವನ್ನೆಲ್ಲ ಅಚ್ಚುಕಟ್ಟಾಗಿ ಇಟ್ಟಿದ್ದರು. ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಪುಡಿ ಮಾತ್ರ ಮೆಲ್ಲಗೆ ಮೇಲೇರಿ ಫಾಲ್ಸ್ ಸೀಲಿಂಗ್ ಹಿಂದೆ ಕೂತಿತ್ತು. ಅದು ಸ್ಫೋಟಿಸಿ 6 ಜನ ಸತ್ತರು. ಗುಡಿಸುವುದರಲ್ಲಿ ಅವರು ಸೋಮಾರಿಗಳಾಗಿರಲಿಲ್ಲ. ಗುಡಿಸಿದ್ದು ನೆಲವನ್ನು ಮಾತ್ರ.

ಹಾಗಾಗಿ ಯಾವ ಯಂತ್ರ ಅಂತ ನೋಡುವ ಮೊದಲು ಈ ವಾರವೇ ಒಂದು ಕೆಲಸ ಮಾಡಿ. ಉತ್ಪಾದನೆ ನಿಲ್ಲಿಸಿದ ಹೊತ್ತಿನಲ್ಲಿ ಭದ್ರವಾದ ಏಣಿ ಹಾಕಿ ತೊಲೆಗಳ ಮೇಲೆ ನೋಡಿ. ಅಮೆರಿಕದ ಎನ್‌ಎಫ್‌ಪಿಎ 654 ಎಂಬ ಅಗ್ನಿ ಸುರಕ್ಷತಾ ನಿಯಮ ಬಹಳ ಕಾಲ ಬಳಸಿದ ಅಳತೆಯೊಂದಿದೆ. ಧೂಳು 0.8 ಮಿ.ಮೀ. ದಪ್ಪವಾಗಿ, ಅಂದರೆ ಒಂದು ಪೇಪರ್ ಕ್ಲಿಪ್ ತಂತಿಯಷ್ಟು, ನೆಲದ ವಿಸ್ತೀರ್ಣದ 5 ಪ್ರತಿಶತಕ್ಕಿಂತ ಹೆಚ್ಚು ಜಾಗದಲ್ಲಿ ಇದ್ದರೆ ಅಪಾಯ ಅಂತ. 5 ಪ್ರತಿಶತ ಬಹಳ ಕಡಿಮೆ ಅನಿಸಬಹುದು. ಚಾವಣಿಯ ಕಬ್ಬಿಣದ ತೊಲೆಗಳ ಮೇಲ್ಮೈ ಕೂಡಿಸಿದರೇ ನೆಲದ 5ರಿಂದ 10 ಪ್ರತಿಶತ ಆಗಿಬಿಡುತ್ತದೆ. ಮರದ ಧೂಳು ಹಗುರ, ಅದಕ್ಕೆ ಇದಕ್ಕಿಂತ ಸ್ವಲ್ಪ ದಪ್ಪ ಪದರವನ್ನು ಒಪ್ಪುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೀವು ಅಲ್ಯೂಮಿನಿಯಂ ಇರುವ ಶೆಡ್ಡಿನಲ್ಲಿದ್ದೀರಿ. ಇನ್ನೂ ಸರಳ ಉಪಾಯ ಬೇಕಾದರೆ, ತೊಲೆಯ ಮೇಲೆ ಅಲ್ಲಲ್ಲಿ ಗಾಢ ಬಣ್ಣದ ಪಟ್ಟಿ ಬಳಿಯಿರಿ. ಬಣ್ಣ ಯಾವುದೆಂದು ಗೊತ್ತಾಗದಿದ್ದರೆ ಸ್ವಚ್ಛ ಮಾಡುವ ಹೊತ್ತು ಮೀರಿದೆ ಅಂತ ಅರ್ಥ.

ಹಾಗೆ ಕಂಡದ್ದನ್ನು ಏರ್ ಗನ್‌ನಿಂದ ಊದಿಸಲು ಮಾತ್ರ ಹೋಗಬೇಡಿ. ನೆನಪಿಡಿ, ಸ್ಫೋಟಕ್ಕೆ ಬೇಕಾದ ಧೂಳಿನ ಮೋಡವನ್ನು ಆಗ ನಾವೇ ಕೈಯಾರೆ ಮಾಡುತ್ತೇವೆ. ಬೇರೆ ದಾರಿಯೇ ಇಲ್ಲದ ಸಂದಿಗೊಂದಿಗೆ ಅಮೆರಿಕದ ನಿಯಮ 30 ಪಿಎಸ್‌ಐ ಒಳಗಿನ ಒತ್ತಡಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಕಾರ್ಖಾನೆಯ ಗಾಳಿ ಲೈನಿನಲ್ಲಿ ಸಾಮಾನ್ಯವಾಗಿ ಅದರ ಮೂರು ಪಟ್ಟು ಒತ್ತಡ ಇರುತ್ತದೆ. ಮೈಮೇಲಿನ ಬಟ್ಟೆಗೆ ಗಾಳಿ ಹೊಡೆದುಕೊಳ್ಳುವ ಅಭ್ಯಾಸ ನಿಮ್ಮಲ್ಲಿ ಇದ್ದರೆ ಇವತ್ತೇ ನಿಲ್ಲಿಸಿ. ಆ ಗಾಳಿ ಗಾಯದ ಮೂಲಕ ಚರ್ಮದ ಒಳಗೆ ನುಗ್ಗಬಹುದು, ಕಿವಿಯ ತಮಟೆ ಹರಿಯಬಹುದು, ಒಂದು ಚೂರು ಲೋಹ ಕಣ್ಣು ತೆಗೆಯಬಹುದು.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಮೊದಲು ಡಸ್ಟ್ ಕಲೆಕ್ಟರ್ ವಿಷಯ, ಅದು ಬೇಗ ಮುಗಿಯುತ್ತದೆ. ಅದಕ್ಕೆ ಹೋಸ್ ಸಿಕ್ಕಿಸಿದರೆ ಆಗಲ್ಲ. ಡಸ್ಟ್ ಕಲೆಕ್ಟರ್ ಕೆಲಸವೇ ಬೇರೆ. ಅದು ಅಗಲವಾದ ಡಕ್ಟಿನಲ್ಲಿ ತುಂಬಾ ಗಾಳಿಯನ್ನು ಮೆಲ್ಲಗಿನ ಎಳೆತದಲ್ಲಿ ತರುತ್ತದೆ. ಎಳೆತವನ್ನು ಅದು ನೀರನ್ನು ಎಷ್ಟು ಎತ್ತರಕ್ಕೆ ಎಳೆಯಬಲ್ಲದು ಅಂತ ಅಳೆಯುತ್ತಾರೆ. ಆ ಲೆಕ್ಕದಲ್ಲಿ ಇದರ ಎಳೆತ ಕೆಲವು ನೂರು ಮಿ.ಮೀ. ಮಾತ್ರ. ಸಣ್ಣ ಹೋಸಿನಲ್ಲಿ ಧೂಳನ್ನು ಎತ್ತಿ ಎಳೆದು ತರಲು ಸಾವಿರಗಳಲ್ಲಿ ಬೇಕು. ಒಂದು ಮಾಮೂಲಿ ಪೋರ್ಟಬಲ್ ಇಂಡಸ್ಟ್ರಿಯಲ್ ವ್ಯಾಕ್ಯೂಮ್ 2,000 ಮಿ.ಮೀ. ಮೇಲೆ ಎಳೆಯುತ್ತದೆ. ಡಕ್ಟಿಗೆ ತೂತು ಮಾಡಿ ಹೋಸ್ ಹಾಕಿದರೆ ಹೋಸೂ ಎಳೆಯಲ್ಲ, ಗರಗಸದ ಬಳಿ ಧೂಳು ಹಿಡಿಯುವ ಹುಡ್ಡಿನಲ್ಲಿ ಇದ್ದ ಎಳೆತವೂ ಕಮ್ಮಿಯಾಗುತ್ತದೆ. ಆಗ ಗರಗಸದಿಂದ ಇನ್ನೂ ಜಾಸ್ತಿ ಧೂಳು ಹೊರಗೆ ಬೀಳುತ್ತದೆ.

ಅಂದ ಹಾಗೆ, ದಿನಕ್ಕೆ 12 ಜನ ಎರಡು ಸಲ ಗುಡಿಸುವಷ್ಟು ಧೂಳು ನೆಲಕ್ಕೆ ಬೀಳುತ್ತಿದೆ ಅಂದರೆ ನಿಮ್ಮ ಹುಡ್ಡುಗಳು ಸರಿಯಾಗಿ ಎಳೆಯುತ್ತಿಲ್ಲ. ವ್ಯಾಕ್ಯೂಮಿಗೆ ಹಣ ಹಾಕುವ ಮೊದಲು ಅದನ್ನು ನೋಡಿಸಿ. ಹರಿದ ಫ್ಲೆಕ್ಸಿಬಲ್ ಡಕ್ಟ್, ಬಳಸದ ಯಂತ್ರದ ಡಕ್ಟಿನಲ್ಲಿ ಯಾರೂ ಮುಚ್ಚದ ಗೇಟ್, ತುಂಬಿಹೋದ ಫಿಲ್ಟರ್ ಬ್ಯಾಗ್. ಅರ್ಧ ಸಮಸ್ಯೆ ಇಲ್ಲೇ ಇರುತ್ತದೆ. ಹುಟ್ಟುವ ಜಾಗದಲ್ಲೇ ಹಿಡಿದ ಧೂಳನ್ನು ಯಾರೂ ಗುಡಿಸಬೇಕಾಗಿಲ್ಲ.

ಪೋರ್ಟಬಲ್ ಬೇಕಾ, ಸೆಂಟ್ರಲ್ ಬೇಕಾ ಅನ್ನುವುದು ಗಾಳಿಯ ಲೆಕ್ಕ. ಧೂಳು ಪೈಪಿನಲ್ಲಿ ಕೂರದೆ ಹರಿಯಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 50 ಮಿ.ಮೀ. ಹೋಸಿನಲ್ಲಿ ಈ ವೇಗ ಬೇಕಾದರೆ ಗಂಟೆಗೆ ಸುಮಾರು 140 ಘನ ಮೀಟರ್ ಗಾಳಿ ಬೇಕು. ಮೂರು ಜನ ಒಟ್ಟಿಗೆ ಬಳಸಿದರೆ ಸುಮಾರು 420. ಈಗ ಯಾರೋ 'ಮುಂದಕ್ಕೆ ಬೇಕಾಗುತ್ತೆ, ಸುಮ್ನೆ ದೊಡ್ಡ ಪೈಪೇ ಇರಲಿ' ಅಂತ ಮುಖ್ಯ ಲೈನಿಗೆ 100 ಮಿ.ಮೀ. ಪೈಪ್ ಹಾಕಿಸುತ್ತಾರೆ. ವ್ಯಾಸ ಎರಡು ಪಟ್ಟು ಆದರೆ ಒಳಗಿನ ಜಾಗ ನಾಲ್ಕು ಪಟ್ಟು. ಒಬ್ಬನೇ ಕೆಲಸ ಮಾಡುವಾಗ ಆ ಪೈಪಿನಲ್ಲಿ ವೇಗ ಸೆಕೆಂಡಿಗೆ 5 ಮೀಟರಿಗೆ ಇಳಿಯುತ್ತದೆ. ಧೂಳು ಪೈಪಿನ ಒಳಗೇ ಕೂರುತ್ತದೆ. ಆರು ತಿಂಗಳಲ್ಲಿ ತಲೆಯ ಮೇಲೆ ಉದ್ದಕ್ಕೂ ಧೂಳು ತುಂಬಿದ ಕೊಳವೆ! ತೊಲೆಯ ಮೇಲಿದ್ದ ಅಪಾಯವನ್ನು ಪೈಪಿನ ಒಳಗೆ ಇಟ್ಟಂತಾಯಿತು. ಮೂರು ಹೋಸಿಗೆ 87 ಮಿ.ಮೀ. ಹತ್ತಿರದ ಪೈಪ್ ಸರಿ. ಜೊತೆಗೆ ಕನಿಷ್ಠ ಎಷ್ಟು ಜನ ಒಟ್ಟಿಗೆ ಬಳಸಬೇಕು ಅನ್ನುವುದನ್ನೂ ಮೊದಲೇ ನಿಗದಿ ಮಾಡಬೇಕು. ಒಬ್ಬರೇ ಬಳಸುವಾಗ ಲೈನಿನ ಕೊನೆಯಲ್ಲಿ ಇನ್ನೊಂದು ಬಾಯಿ ತೆರೆದುಕೊಳ್ಳುವ ವ್ಯವಸ್ಥೆ ಇದ್ದರೆ ಒಳ್ಳೆಯದು. ತಿರುವುಗಳು ಉದ್ದವಾಗಿರಲಿ. ಕವಲುಗಳು ಮುಖ್ಯ ಪೈಪಿಗೆ ಓರೆಯಾಗಿ, ಪಕ್ಕದಿಂದ ಅಥವಾ ಮೇಲಿನಿಂದ ಸೇರಲಿ. ಕೆಳಗಿನಿಂದ ಸೇರಿಸಿದರೆ ಬಳಸದ ಕವಲಿಗೆ ಧೂಳು ಬಿದ್ದು ಕಟ್ಟುತ್ತದೆ.

ಮಾರುವವರು ಕೊಡುವ ಕಾಗದದಲ್ಲಿ ಎರಡು ದೊಡ್ಡ ಅಂಕಿ ಇರುತ್ತವೆ: ಗರಿಷ್ಠ ಸಕ್ಷನ್ (ಎಳೆತ), ಗರಿಷ್ಠ ಗಾಳಿ. ಎರಡೂ ನಿಜ, ಆದರೆ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಸಕ್ಷನ್ ಅಂದರೆ ಬಾಯಿ ಪೂರ್ತಿ ಮುಚ್ಚಿದಾಗ ಸಿಗುವುದು. ಆಗ ಗಾಳಿ ಸೊನ್ನೆ. ಗರಿಷ್ಠ ಗಾಳಿ ಅಂದರೆ ಹೋಸ್ ಇಲ್ಲದೆ ಬಾಯಿ ತೆರೆದಾಗ ಸಿಗುವುದು. ಆಗ ಎಳೆತ ಸೊನ್ನೆ. ನಿಮ್ಮ ಹೋಸ್, ನಿಮ್ಮ ಉದ್ದ, ಅರ್ಧ ತುಂಬಿದ ಫಿಲ್ಟರ್ ಇದ್ದಾಗ ಎಷ್ಟು ಗಾಳಿ ಬರುತ್ತದೆ ಅಂತ ಕೇಳಿ. ಗ್ರಾಫ್ ಕೊಡಲು ಹೇಳಿ. ಕೊಡದಿದ್ದರೆ ಬೇರೆಯವರನ್ನು ನೋಡಿ. ಮೋಟಾರಿನ ಎಚ್‌ಪಿಗಿಂತ ಫಿಲ್ಟರಿನ ವಿಸ್ತೀರ್ಣ ಮುಖ್ಯ. ಸಣ್ಣ ಫಿಲ್ಟರ್ ಹಾಕಿದ ದೊಡ್ಡ ಮೋಟಾರ್ ಹತ್ತು ನಿಮಿಷ ಚೆನ್ನಾಗಿ ಎಳೆದು ಆಮೇಲೆ ಬರೀ ಸದ್ದು ಮಾಡುತ್ತದೆ.

ನಿಮ್ಮ ಪರಿಸ್ಥಿತಿಗೆ ನನ್ನ ಸಲಹೆ ಇದು. ಮರದ ವಿಭಾಗಕ್ಕೆ ಮೊದಲು ಎರಡು ಪೋರ್ಟಬಲ್ ಯಂತ್ರ ಸಾಕು. ಒಂದೆರಡು ತಿಂಗಳು ಬಳಸಿದರೆ ಯಾವ ಜಾಗದಲ್ಲಿ ದಿನಾ ಹೋಸ್ ಬೇಕು, ಎಷ್ಟು ಜನ ಒಟ್ಟಿಗೆ ಬಳಸುತ್ತಾರೆ ಅಂತ ಗೊತ್ತಾಗುತ್ತದೆ. ಆ ಅನುಭವ ಇಟ್ಟುಕೊಂಡು ಸೆಂಟ್ರಲ್ ಸಿಸ್ಟಮ್ ಮಾಡಿಸಿದರೆ ಪೈಪಿನ ಅಳತೆ ತಪ್ಪುವುದಿಲ್ಲ. ಸೆಂಟ್ರಲ್ ಸಿಸ್ಟಮ್ ಒಳ್ಳೆಯದೇ. ಗೋಡೆಯ ಬಾಯಿಗೆ ಹೋಸ್ ಸಿಕ್ಕಿಸಿದರೆ ಆಯಿತು, ಯಂತ್ರ ಎಳೆದಾಡಬೇಕಿಲ್ಲ, ಸದ್ದು ಇಲ್ಲ, ಧೂಳಿನ ಡ್ರಮ್ ಕಟ್ಟಡದ ಹೊರಗೆ ಇರುತ್ತದೆ. ಅದನ್ನು ಹೊರಗೇ ಇಡಿಸಿ. ಫಿಲ್ಟರ್ ಪೆಟ್ಟಿಗೆಗೆ ಸ್ಫೋಟದ ಒತ್ತಡ ಹೊರಹೋಗುವ ಬಾಗಿಲು ಇರಬೇಕು. ಬೆಂಕಿ ಪೈಪಿನಲ್ಲಿ ಹಿಂದಕ್ಕೆ, ಅಂದರೆ ಜನರ ಕಡೆಗೆ ಬರದಂತೆ ತಡೆಯುವ ವಾಲ್ವ್ ಕೂಡ ಇರಬೇಕು. ಇವೆರಡನ್ನು ಖರ್ಚು ಉಳಿಸಲು ಬಿಡಬೇಡಿ.

ಅಲ್ಯೂಮಿನಿಯಂ ವಿಭಾಗದ ಮಾತು ಪೂರ್ತಿ ಬೇರೆ. ಮರಕ್ಕೆ ಬಳಸುವ ವ್ಯಾಕ್ಯೂಮನ್ನು ಅಲ್ಲಿಗೆ ಒಯ್ಯಲೇಬಾರದು, ಒಂದೇ ಒಂದು ಸಲಕ್ಕೂ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಹಲವು ವರ್ಷಗಳ ಹಿಂದೆ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಕಡೆ ಒಬ್ಬ ಹುಡುಗ ಮರದ ಹೊಟ್ಟು ತುಂಬಿದ್ದ ವ್ಯಾಕ್ಯೂಮ್ ತಂದು ಗ್ರೈಂಡರ್ ಕೆಳಗೆ ಸ್ವಚ್ಛ ಮಾಡಿದ. ಒಳ್ಳೆ ಮನಸ್ಸಿನಿಂದಲೇ ಮಾಡಿದ. ಗ್ರೈಂಡರ್ ಆಗಷ್ಟೇ ನಿಂತಿತ್ತು. ಬಿಸಿ ಕಣವೊಂದು ಡ್ರಮ್ಮಿಗೆ ಹೋಗಿ ಹೊಟ್ಟಿನೊಳಗೆ ಹೊಗೆಯಾಡುತ್ತಾ ಕೂತಿತ್ತು. ಸುಮಾರು ಮೂರು ಗಂಟೆ ಆದ ಮೇಲೆ ಸ್ಟೋರ್ ರೂಮಿನಿಂದ ಹೊಗೆ ಬಂತು. ರಾತ್ರಿ ಕಾವಲುಗಾರರು ಆ ಹೊತ್ತಿಗೆ ಅಲ್ಲಿ ಸುತ್ತು ಹಾಕಿದ್ದರಿಂದ ಕಟ್ಟಡ ಉಳಿಯಿತು. ತಪ್ಪು ಆ ಹುಡುಗನದ್ದಲ್ಲ, ನನ್ನದು. ಯಾವ ಯಂತ್ರ ಎಲ್ಲಿಗೆ ಅಂತ ಬರೆದು ಅಂಟಿಸಿರಲಿಲ್ಲ. ಅವತ್ತಿನಿಂದ ನಾನು ವ್ಯಾಕ್ಯೂಮ್‌ಗಳಿಗೆ ಬೇರೆ ಬೇರೆ ಬಣ್ಣ ಹೊಡೆಸುತ್ತೇನೆ. ಹೋಸಿನ ಬಾಯಿಯ ಗಾತ್ರವನ್ನೂ ಬೇರೆ ಮಾಡಿಸುತ್ತೇನೆ, ಒಂದರ ಹೋಸ್ ಇನ್ನೊಂದಕ್ಕೆ ಸೇರಲೇಬಾರದು.

ಅಲ್ಯೂಮಿನಿಯಂ ಧೂಳು ತುಕ್ಕಿನ ಜೊತೆ ಸೇರಿದರೆ ಥರ್ಮೈಟ್ ಆಗುತ್ತದೆ. ಕಬ್ಬಿಣ ಕರಗುವಷ್ಟು ಬಿಸಿಯಾಗಿ ಉರಿಯುವ, ರೈಲು ಹಳಿ ಬೆಸೆಯಲು ಬಳಸುವ ಮಿಶ್ರಣವೇ ಅದು. ಹಾಗಾಗಿ ಕಬ್ಬಿಣ ಉಜ್ಜುವ ಕೆಲಸ ಅದೇ ಬೆಂಚಿನಲ್ಲಿ ಬೇಡ. ಚೀನಾದ ಕುನ್ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಕಾರಿನ ಚಕ್ರ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಧೂಳು ಸ್ಫೋಟಿಸಿ 146 ಜನ ಸತ್ತರು. ನಿಮ್ಮ ಹಿಡಿಕೆ ಪಾಲಿಶ್ ಕೆಲಸ ಅದರ ಸಣ್ಣ ರೂಪ, ಅಷ್ಟೆ.

ಅಲ್ಲಿಗೆ ಬೇಕಾಗಿರುವುದು ಧೂಳನ್ನು ನೀರಿನೊಳಗೆ ಮುಳುಗಿಸುವ ವೆಟ್ ವ್ಯಾಕ್ಯೂಮ್. ಲೋಹದ ಧೂಳಿಗೆಂದೇ ಮಾಡಿದ್ದನ್ನು ತೆಗೆದುಕೊಳ್ಳಿ. ಅಲ್ಯೂಮಿನಿಯಂ ನೀರಿನಲ್ಲಿ ಮೆಲ್ಲಗೆ ಹೈಡ್ರೋಜನ್ ಬಿಡುತ್ತದೆ. ಆದ್ದರಿಂದ ತೊಟ್ಟಿಯನ್ನು ಯಾವತ್ತೂ ಗಾಳಿಯಾಡದಂತೆ ಮುಚ್ಚಬೇಡಿ. ಕೆಸರನ್ನು ದಿನವೂ ತೆಗೆಯಿರಿ. ತೆಗೆದು ಇಡುವ ಡಬ್ಬಿಯ ಮುಚ್ಚಳಕ್ಕೂ ತೂತು ಇರಲಿ.

ಫಿಲ್ಟರಿನ ದರ್ಜೆ ಬಗ್ಗೆ ಒಂದು ಗೊಂದಲ ಎಲ್ಲರಿಗೂ ಇರುತ್ತದೆ. ಯುರೋಪಿನ ನಿಯಮದಲ್ಲಿ ಎಲ್, ಎಂ, ಎಚ್ ಎಂದು ಮೂರು ದರ್ಜೆ ಇವೆ. ಎಲ್‌ನಲ್ಲಿ 1 ಪ್ರತಿಶತದವರೆಗೆ ಧೂಳು ದಾಟಿ ಹೋಗಬಹುದು, ಎಂನಲ್ಲಿ 0.1, ಎಚ್‌ನಲ್ಲಿ 0.005. ಮರಕ್ಕೆ ಕನಿಷ್ಠ ಎಂ ಇರಲಿ. ಆದರೆ ಇದು ಶ್ವಾಸಕೋಶದ ರಕ್ಷಣೆಯ ದರ್ಜೆ. ಎಚ್ ದರ್ಜೆ ಅಂದ ಮಾತ್ರಕ್ಕೆ ಯಂತ್ರ ಸ್ಫೋಟದ ಜಾಗಕ್ಕೆ ಯೋಗ್ಯ ಅಂತಲ್ಲ. ಅದಕ್ಕೆ ಬೇರೆಯೇ ಪ್ರಮಾಣಪತ್ರ ಬೇಕು. ಮನೆಯ ವ್ಯಾಕ್ಯೂಮ್ ಅಥವಾ ಅಗ್ಗದ ಯಂತ್ರದ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ. ತಿರುಗುವಾಗ ಅದು ಕಿಡಿ ಹಾರಿಸುತ್ತಲೇ ಇರುತ್ತದೆ. ಫಿಲ್ಟರ್ ಹರಿದರೆ ಧೂಳು ನೇರ ಆ ಕಿಡಿಯ ಮೇಲೆ. ಇಂಥದ್ದನ್ನು ತಂದರೆ ಪೊರಕೆಗಿಂತ ಅಪಾಯ.

ಅರ್ಥಿಂಗ್ ಮರೆಯಬೇಡಿ. ಒಣ ಧೂಳು ಪ್ಲಾಸ್ಟಿಕ್ ಹೋಸಿನಲ್ಲಿ ಓಡಿದರೆ ಸ್ಟ್ಯಾಟಿಕ್ ಕರೆಂಟ್ ಸೇರಿಕೊಳ್ಳುತ್ತದೆ. ಹಿಡಿದವರಿಗೆ ಚುರುಕ್ ಅಂತ ಹೊಡೆಯುತ್ತದೆ. ಎರಡು ಸಲ ಹೊಡೆದರೆ ಮೂರನೇ ಸಲ ಅವರು ಪೊರಕೆಯನ್ನೇ ಹಿಡಿಯುತ್ತಾರೆ. ಆ ಚುರುಕ್ ಒಂದು ಕಿಡಿ, ಅದು ಧೂಳಿಗೂ ಸಾಕು. ಆಂಟಿಸ್ಟ್ಯಾಟಿಕ್ ಹೋಸ್ ತೆಗೆದುಕೊಂಡು, ಹೋಸಿನ ತುದಿಯಿಂದ ಅರ್ಥ್ ತನಕ ಮೀಟರ್ ಹಿಡಿದು ತಿಂಗಳಿಗೊಮ್ಮೆ ಪರೀಕ್ಷಿಸಿ. 10 ಲಕ್ಷ ಓಮ್ ಒಳಗೆ ಬರಬೇಕು. ಒಳಗಿನ ತಂತಿ ತುಂಡಾದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಮೀಟರಿಗೆ ಮಾತ್ರ ಗೊತ್ತಾಗುತ್ತದೆ.

ಡ್ರಮ್ ಖಾಲಿ ಮಾಡುವುದು ದಿನದ ಅತಿ ಕೊಳಕು ಕೆಲಸ. ಇಡೀ ಶಿಫ್ಟ್ ಹಿಡಿದ ಧೂಳನ್ನು ಕೊನೆಯಲ್ಲಿ ತೊಟ್ಟಿಗೆ ದಬಕ್ಕನೆ ಸುರಿದರೆ ಎಲ್ಲಾ ಶ್ರಮ ವ್ಯರ್ಥ. ಚೀಲದಲ್ಲೇ ತುಂಬಿ, ಬಾಯಿ ಕಟ್ಟಿ, ಹಾಗೇ ಎತ್ತುವ ವ್ಯವಸ್ಥೆ ಇರುವ ಯಂತ್ರವನ್ನೇ ಆರಿಸಿ. ಕೊಳ್ಳುವ ಮುಂಚೆ ಖಾಲಿ ಮಾಡಿ ತೋರಿಸಿ ಅಂತ ಕೇಳಿ. ನಿಮ್ಮ ಕಡೆಯ ಕೆಲಸಗಾರರೊಬ್ಬರು ಅದನ್ನು ಮಾಡಿ ನೋಡಲಿ. ದಿನಾ ಮಾಡಬೇಕಾದವರು ಅವರೇ ಅಲ್ವಾ?

ಖರ್ಚಿನ ಲೆಕ್ಕ ಮ್ಯಾನೇಜರಿಗೆ ಬೇಕೇ ಬೇಕು. 12 ಜನ, ಅರ್ಧ ಗಂಟೆ, ಎರಡು ಶಿಫ್ಟ್: ದಿನಕ್ಕೆ 12 ಗಂಟೆಯ ದುಡಿಮೆ. ಒಂದು ಯಂತ್ರವನ್ನು ಡೆಮೊಗೆ ತರಿಸಿ. ಒಂದು ಸಾಲು ಗರಗಸಗಳನ್ನು ಆರಿಸಿಕೊಂಡು ಒಂದು ವಾರ ಪೊರಕೆ, ಮರುವಾರ ವ್ಯಾಕ್ಯೂಮ್. ಗಡಿಯಾರ ಹಿಡಿದು ನೋಡಿ. ಬೆಳಿಗ್ಗೆ ಆ ಸಾಲಿನ ಮೇಲೆ ಕರಿ ಹಾಳೆ ಇಟ್ಟು ಎಷ್ಟು ಧೂಳು ಇಳಿದಿದೆ ಅಂತಲೂ ನೋಡಿ. ಏರ್ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಕರೆಂಟನ್ನೂ ಸೇರಿಸಿ. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ ಕೆಲಸವಾಗಿ ಬರುವುದು ಹತ್ತರಲ್ಲಿ ಒಂದು ಪಾಲಿನಷ್ಟು, ಉಳಿದದ್ದು ಹೆಚ್ಚಾಗಿ ಬಿಸಿಯಾಗಿ ಹೋಗುತ್ತದೆ. ಧೂಳು ಊದಿಸಲು ಅದಕ್ಕಿಂತ ದುಬಾರಿ ದಾರಿ ಇಲ್ಲ.

ಸ್ವಚ್ಛ ಮಾಡುವ ಕ್ರಮ ಮೇಲಿನಿಂದ ಕೆಳಕ್ಕೆ ಇರಲಿ. ತೊಲೆಗಳಿಗೆ ಉದ್ದ ಕೋಲಿನ ನಳಿಗೆ, ಅದರ ತುದಿಗೆ ಮೆತ್ತನೆ ಬ್ರಷ್ ಸಿಗುತ್ತದೆ. ನೆಲದ ಮೇಲೆ ನಿಂತೇ ಮಾಡಬಹುದು, ಏಣಿ ಹತ್ತಬೇಕಿಲ್ಲ. ಆ ಕೋಲಿಗೂ ಅರ್ಥಿಂಗ್ ಬೇಕು. ಮೊದಲ ಸಲ ತೊಲೆ ಸ್ವಚ್ಛ ಮಾಡುವಾಗ ಎಲ್ಲಾ ಯಂತ್ರ ನಿಂತಿರಲಿ, ಗ್ರೈಂಡಿಂಗ್, ವೆಲ್ಡಿಂಗ್ ಯಾವುದೂ ಬೇಡ. ವರ್ಷಗಳ ಧೂಳು ಅದು, ಒಂದೇ ದಿನದಲ್ಲಿ ಮುಗಿಸುವ ಅವಸರ ಬೇಡ.

ಎರಡೂ ಧೂಳಿನ ಮಾದರಿ ತೆಗೆದು ಸ್ಫೋಟಕ ಗುಣ ಪರೀಕ್ಷಿಸುವ ಲ್ಯಾಬಿಗೆ ಕಳಿಸಿ. ನೆಲದಿಂದ ಬೇಡ, ತೊಲೆಯ ಮೇಲಿನಿಂದ ತೆಗೆಯಿರಿ. ಅತಿ ನುಣ್ಣನೆಯದು ಇರುವುದು ಅಲ್ಲೇ. ವರದಿ ಬಂದ ಮೇಲೆ ಅದರ ಅಂಕಿಗಳನ್ನು, ಶೆಡ್ಡಿನ ಉದ್ದ ಅಗಲ ಎತ್ತರವನ್ನು, ಡೆಮೊ ವಾರದಲ್ಲಿ ಒಟ್ಟಿಗೆ ಎಷ್ಟು ಹೋಸ್ ಓಡಿದವು ಅನ್ನುವುದನ್ನು ಬರೆದು ಕಳಿಸಿ. ಪೈಪಿನ ಅಳತೆಯನ್ನು ಕೂತು ಲೆಕ್ಕ ಹಾಕಿ ಕೊಡುತ್ತೇನೆ.